ಅವಸರದಿಂದ ಬೆಟ್ಟ ಹತ್ತಿ ಬಂದ ಶುಭವಾರ್ತೆ

(ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬದಂದು, ಮೇ 31ರಂದು, ಬಂಕಾಪುರ ಭಾಗದ ಕುಟುಂಬಗಳಿಗೆ ನೀಡಿದ ಪ್ರಬೋಧನೆ)



ಇಂದಿನ ಶುಭಸಂದೇಶ ನಮ್ಮನ್ನು ಒಂದು ಮನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಹೊಸ್ತಿಲಿನ ಈಚೆಗೆ ನಜರೇತಿನಿಂದ ದೂರದ ದಾರಿ ನಡೆದು ದಣಿದು ಬಂದ ಹರೆಯದ ಮರಿಯಮ್ಮ; ಆಚೆಗೆ ವಯಸ್ಸು ಮೀರಿದ ಮೇಲೆ ಬಸುರಿಯಾದ ಎಲಿಜಬೇತಮ್ಮ. ಕಿರಿಯಳು ನಮಸ್ಕರಿಸಿದಳು, ಹಿರಿಯಳು ಕಿವಿಗೊಟ್ಟಳು, ಗರ್ಭದಲ್ಲಿದ್ದ ಮಗು ಸಂತೋಷದಿಂದ ನಲಿದಾಡಿತು. ಜಪಸರ ಹೇಳುವಾಗ ಸಂತೋಷದ ಎರಡನೆಯ ರಹಸ್ಯವಾಗಿ ವಾರವಾರವೂ ನಾವು ಧ್ಯಾನಿಸುವ ಘಟನೆ ಇದು.

1969ರಲ್ಲಿ ಪೂಜಾ ಪಂಚಾಂಗವನ್ನು ಪರಿಷ್ಕರಿಸುವವರೆಗೆ ಈ ಹಬ್ಬ ಜುಲೈ 2ರಂದು ಬರುತ್ತಿತ್ತು. ಈಗ ಮೇ 31ರಂದು ಬರುತ್ತದೆ. ಇದೇ ಮೇ 31ನ್ನು ವಿಶ್ವ ಆರೋಗ್ಯ ಸಂಸ್ಥೆ 1989ರಿಂದ ವಿಶ್ವ ತಂಬಾಕುರಹಿತ ದಿನವಾಗಿ ಆಚರಿಸುತ್ತಿದೆ. ಎರಡೂ ಒಂದೇ ದಿನ ಬಂದಿರುವುದು ಕೇವಲ ಆಕಸ್ಮಿಕ. ಆದರೂ ಎರಡನ್ನೂ ಜೊತೆಗಿಟ್ಟು ನೋಡಿದಾಗ ಒಂದು ಪ್ರಶ್ನೆ ನಮ್ಮ ಮುಂದೆ ನಿಲ್ಲುತ್ತದೆ. ಒಳ್ಳೆಯ ಮಾತೊಂದು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ದಾಟುವುದು ಹೇಗೆ? ಚಟಗಳ ವಿರುದ್ಧ ಇಷ್ಟು ವರ್ಷಗಳಿಂದ ಇಷ್ಟೊಂದು ಜಾಹೀರಾತು, ಫಲಕ, ಚಿತ್ರ, ಘೋಷಣೆಗಳು ನಡೆದಿವೆಯಲ್ಲ, ಅವು ಅಜ್ಜನಿಗೆ ಕೇಳಿಸಿವೆಯೇ? ಅಪ್ಪನಿಗೆ ಕೇಳಿಸಿವೆಯೇ? ಮೊಮ್ಮಗನಿಗೆ ಕೇಳಿಸಿವೆಯೇ?

ಪ್ರಿಯರೇ, ಬಂಕಾಪುರಕ್ಕೆ ಹೊರಗಿನವರು ಬರುವುದು ಕೋಟೆಯನ್ನು, ನಗರೇಶ್ವರ ಗುಡಿಯನ್ನು, ಕೋಟೆಯೊಳಗಿನ ನವಿಲುಧಾಮವನ್ನು ನೋಡಲು. ನಮ್ಮ ಮಕ್ಕಳು ದಿನವೂ ನೋಡುವುದು ಬೇರೆಯದನ್ನು. ಪಾನ್ ಅಂಗಡಿಗಳಲ್ಲಿ ಬಣ್ಣಬಣ್ಣದ ಚೀಟಿಗಳು ಮಾಲೆ ಮಾಲೆಯಾಗಿ ತೂಗುತ್ತಿರುತ್ತವೆ. ಸಂಜೆ ಜಪಮಾಲೆಯ ಮಣಿ ಎಣಿಸುವ ನಮ್ಮ ಕೈಗಳೇ ಬೆಳಿಗ್ಗೆ ಆ ಮಾಲೆಯಿಂದಲೂ ಒಂದೊಂದನ್ನು ಕಿತ್ತುಕೊಳ್ಳುತ್ತವೆ. ಪಕ್ಕದ ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಶಿರಸಿಯ ಕಡೆ ಅಡಿಕೆ ತೋಟಗಳು. ನಿಪ್ಪಾಣಿಯ ಸೀಮೆ ಬೀಡಿ ತಂಬಾಕಿಗೆ, ಹುಣಸೂರು ಪಿರಿಯಾಪಟ್ಟಣಗಳು ಸಿಗರೇಟಿನ ತಂಬಾಕಿಗೆ ಪ್ರಸಿದ್ಧ. ಎಲೆ, ಅಡಿಕೆ, ತಂಬಾಕು ಮೂರೂ ನಮ್ಮ ನಾಡಿನ ರೈತರ ಬೆವರಿನಿಂದ ಬೆಳೆದವು. ಹಾಗಾಗಿ ಈ ವಿಷಯವನ್ನು ಮಾತನಾಡುವುದು ಸುಲಭವಲ್ಲ. ಮದುವೆಯ ಮನೆಯಲ್ಲಿ ಎಲೆ ಅಡಿಕೆಯ ತಟ್ಟೆ ಮರ್ಯಾದೆಯ ಗುರುತು. ಮನೆಗೆ ಬಂದವರಿಗೆ ಎಲೆ ಅಡಿಕೆ ಕೊಡದಿದ್ದರೆ ನಮ್ಮ ಹಿರಿಯರು ಅದನ್ನು ಅವಮಾನವೆಂದೇ ತಿಳಿಯುತ್ತಾರೆ.

2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 8.8ರಷ್ಟು ಜನ ಬೀಡಿ ಸಿಗರೇಟು ಸೇದುತ್ತಿದ್ದರೆ, ಶೇಕಡಾ 16.3ರಷ್ಟು ಜನ ಬಾಯಲ್ಲಿ ಜಗಿಯುವ, ಅಡಗಿಸಿಟ್ಟುಕೊಳ್ಳುವ ತಂಬಾಕನ್ನು ಬಳಸುತ್ತಿದ್ದರು. ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಜಗಿಯುವ ತಂಬಾಕು ಕೆನ್ನೆಯೊಳಗೆ ಅಡಗಿ ಕೂರುತ್ತದೆ. 2013ರ ಮೇ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ ಗುಟ್ಕಾವನ್ನು ನಿಷೇಧಿಸಿತು. ಆಮೇಲೆ ಏನಾಯಿತೆಂದು ನಿಮಗೆಲ್ಲ ಗೊತ್ತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದವು. ಬೆರೆಸುವ ಕೆಲಸ ಮಾತ್ರ ಕಾರ್ಖಾನೆಯಿಂದ ನಮ್ಮ ಅಂಗೈಗೆ ಬಂತು.

ಈಗ ಮೂರು ತಲೆಮಾರುಗಳು ಕೇಳಿದ ಸಂದೇಶಗಳನ್ನು ನೆನಪಿಸಿಕೊಳ್ಳೋಣ.

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಬುದ್ಧಿಮಾತು ಹಾಡಾಗಿ ಬರುತ್ತಿತ್ತು. ಇದೇ ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು. ಇದೇ ತಾಲೂಕಿನ ಶಿಶುನಾಳದಲ್ಲಿ ಷರೀಫ ಸಾಹೇಬರು ಬಾಳಿದರು. ಅವರ ಮಾತುಗಳಿಗೆ ಗೋಡೆ ಬರಹ ಇರಲಿಲ್ಲ, ಫಲಕ ಇರಲಿಲ್ಲ. ಬಾಯಿಂದ ಬಾಯಿಗೆ, ಕಟ್ಟೆಯಿಂದ ಕಟ್ಟೆಗೆ ನಡೆದೇ ಬಂದವು. ಷರೀಫರು ಜನ ಕೂತು ಸೇದುವ ಗುಡುಗುಡಿಯನ್ನೇ ರೂಪಕವಾಗಿಸಿ ತತ್ವಪದ ಕಟ್ಟಿದರು. ಜನ ಎಲ್ಲಿ ಕೂತಿದ್ದರೋ ಅಲ್ಲಿಗೇ ಹೋಗಿ ಮಾತನಾಡುವ ರೀತಿ ಅದು.

ಅನಂತರದ ತಲೆಮಾರಿಗೆ ಸಿನಿಮಾ ಬಂತು. 1992ರಲ್ಲಿ ಡಾ. ರಾಜ್‌ಕುಮಾರ್ ಅಭಿನಯದ ‘ಜೀವನ ಚೈತ್ರ’ ಬಂದಾಗ ಹೆಂಡದಂಗಡಿಯ ವಿರುದ್ಧ ನಿಲ್ಲುವ ನಾಯಕನನ್ನು ಕಂಡು ಹಳ್ಳಿಯ ಜನ ಕಣ್ಣೀರಿಟ್ಟರು. ಆ ಚಿತ್ರ ನೋಡಿ ಕೆಲವು ಹಳ್ಳಿಗಳಲ್ಲಿ ಹೆಂಡದಂಗಡಿಗಳನ್ನು ಮುಚ್ಚಿಸಿದರೆಂಬ ಮಾತನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆದರೆ ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದದ್ದು 2007ರ ಜುಲೈ 1ರಂದು. ನಡುವೆ 15 ವರ್ಷ. ಆ 15 ವರ್ಷಗಳ ಕಾಲ ಬೀದಿಗಿಳಿದು ಕೂಗಿದವರು ನಮ್ಮ ತಾಯಂದಿರು, ಅಕ್ಕತಂಗಿಯರು.

ಮೂರನೆಯ ತಲೆಮಾರಿಗೆ ಸರ್ಕಾರದ ಎಚ್ಚರಿಕೆಯೇ ಎದುರಿಗೆ ಬಂತು. 2012ರ ಅಕ್ಟೋಬರ್ 2ರಿಂದ, ತಂಬಾಕು ಬಳಸುವ ದೃಶ್ಯಗಳಿರುವ ಸಿನಿಮಾದ ಆರಂಭದಲ್ಲೂ ನಡುವಿನಲ್ಲೂ ಎಚ್ಚರಿಕೆಯ ಚಿತ್ರ ತೋರಿಸುವುದು ಕಡ್ಡಾಯವಾಯಿತು. ಗುಟ್ಕಾದಿಂದ ಬಾಯಿಯ ಕ್ಯಾನ್ಸರ್ ಬಂದು 24ನೆಯ ವಯಸ್ಸಿಗೇ 2009ರಲ್ಲಿ ತೀರಿಕೊಂಡ ಮುಕೇಶ್ ಎಂಬ ಯುವಕನ ಮುಖ ನಮಗೆಲ್ಲ ಪರಿಚಿತವಾಯಿತು. ನಗರದ ಹೊಗೆಯ ಬಗ್ಗೆ ಮರುಗುವ ಆ ಗಂಭೀರ ಧ್ವನಿಯಂತೂ ಮಕ್ಕಳ ಬಾಯಲ್ಲೂ ನಲಿದಾಡಿತು. 2023ರ ಸೆಪ್ಟೆಂಬರ್ 1ರಿಂದ ಮೊಬೈಲಿನಲ್ಲಿ ನೋಡುವ ಒಟಿಟಿ ಚಿತ್ರಗಳಿಗೂ ಈ ನಿಯಮ ಬಂದಿದೆ.

ಹಾಗಾದರೆ ಇದೆಲ್ಲ ಫಲ ಕೊಟ್ಟಿತೇ? ಕೊಟ್ಟಿದೆ ಪ್ರಿಯರೇ, ಒಪ್ಪಿಕೊಳ್ಳಬೇಕು. 2009–10ರಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 28.2ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016–17ರ ಹೊತ್ತಿಗೆ ಅದು 22.8ಕ್ಕೆ ಇಳಿದಿತ್ತು. ದೇಶದಲ್ಲಿ 15ರಿಂದ 24 ವಯಸ್ಸಿನವರಲ್ಲಿ ಶೇಕಡಾ 18.4ರಷ್ಟಿದ್ದದ್ದು 12.4ಕ್ಕೆ ಇಳಿಯಿತು. ಕಾನೂನು, ತೆರಿಗೆ, ಶಾಲೆ, ಜಾಹೀರಾತು ಎಲ್ಲ ಸೇರಿ ಆದ ಕೆಲಸ ಇದು. ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ನೋಡಿ ಬಿಡಬೇಕೆಂದು ಯೋಚಿಸಿದವರು ಸಿಗರೇಟು ಸೇದುವವರಲ್ಲಿ ನೂರಕ್ಕೆ ಸುಮಾರು 62, ಜಗಿಯುವವರಲ್ಲಿ ಸುಮಾರು 46. ತಂಬಾಕು ಕಂಪನಿಗಳಿಗೂ ಆ ಚಿತ್ರದ ಬಲ ಗೊತ್ತು. ಪೊಟ್ಟಣದ ಶೇಕಡಾ 85 ಭಾಗದಲ್ಲಿ ಎಚ್ಚರಿಕೆ ಇರಬೇಕೆಂಬ ನಿಯಮ 2016ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದರ ವಿರುದ್ಧದ ಮೊಕದ್ದಮೆಗಳು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನಡೆದವು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟು ಆ ನಿಯಮವನ್ನು ರದ್ದುಪಡಿಸಿತು; 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಚಿತ್ರ ಉಳಿಯಿತು. ನಿರುಪಯುಕ್ತವಾದ ಚಿತ್ರಕ್ಕಾಗಿ ಯಾರೂ ಅಷ್ಟು ಹೋರಾಡುವುದಿಲ್ಲ.

ಆದರೆ ‘ಬಿಡಬೇಕು’ ಎಂದು ಯೋಚಿಸುವುದಕ್ಕೂ ಬಿಡುವುದಕ್ಕೂ ನಡುವೆ ಒಂದು ಬೆಟ್ಟದ ದಾರಿ ಇದೆ. ಅದನ್ನು ಹತ್ತಿಸುವ ಶಕ್ತಿ ಜಾಹೀರಾತಿಗೆ ಇದೆಯೇ?

ಇಲ್ಲಿ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಕಥೆಯನ್ನು ಹೇಳುತ್ತೇವೆ. ಅವರ ಅನುಮತಿ ಪಡೆದಿದ್ದೇವೆ, ಹೆಸರು ಹೇಳುವುದಿಲ್ಲ. ಮನೆಯ ಹಿರಿಯರು ಗೌಂಡಿ ಕೆಲಸ ಮಾಡಿದವರು, ಅಕ್ಷರ ಕಲಿತವರಲ್ಲ. ಒಂದು ಸಂಜೆ ನಾವು ಅವರ ಮನೆಗೆ ಹೋಗಿದ್ದೆವು. ಚಹಾ ಕುಡಿಯುತ್ತಿದ್ದಾಗ ಟಿವಿಯಲ್ಲಿ ಆ ಎಚ್ಚರಿಕೆಯ ಚಿತ್ರ ಬಂತು. ಅಜ್ಜನ ಕಣ್ಣು ತುಂಬಿತು. ಒಂಬತ್ತನೆಯ ತರಗತಿಯ ಮೊಮ್ಮಗ ಮಾತ್ರ ಆ ಧ್ವನಿಯನ್ನು ಅಣಕಿಸಿ ನಕ್ಕ. ಅಜ್ಜನಿಗೆ ಸಿಟ್ಟು ಬಂತು.

“ಸತ್ತವನ ನೋಡಿ ನಗತೀಯೇನಲೇ? ಫಾದರ್ ಮುಂದ ಕುಂತಾರ, ಖಬರ್ ಐತೇನು ನಿನಗ?” ಎಂದು ಗದರಿದರು.

ಹುಡುಗ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, “ಅಜ್ಜಾ, ನಾ ನಕ್ಕಿದ್ದು ಖರೆ. ನೀ ಅತ್ತಿ. ಆದ್ರ ಅತ್ತು ಮುಗಿಸಿ ಚೀಟಿ ತರಾಕ ಅಂಗಡಿಗೆ ನನ್ನs ಕಳಸ್ತಿ” ಎಂದ.

ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ನಮ್ಮ ಬಳಿಯೂ ಉತ್ತರ ಇರಲಿಲ್ಲ. ಏಕೆಂದರೆ ನಮ್ಮ ಸಭಾಭವನದ ಗೋಡೆಯ ಮೇಲೆ ನಾವೇ ಒಂದು ದೊಡ್ಡ ಭಿತ್ತಿಪತ್ರ ಅಂಟಿಸಿದ್ದೆವು. ಭಾನುವಾರದ ಬಲಿಪೂಜೆಯ ನಂತರ ಎಲ್ಲರಿಂದ ಕೈ ಮುಂದೆ ಚಾಚಿಸಿ ಪ್ರತಿಜ್ಞೆಯನ್ನೂ ಮಾಡಿಸಿದ್ದೆವು. ಕೆಲವು ತಿಂಗಳ ನಂತರ ಅದೇ ಭಿತ್ತಿಪತ್ರದ ಕೆಳಗಿನ ಮೂಲೆಯಲ್ಲಿ ಕೆಂಪು ಉಗುಳಿನ ಕಲೆ ಕಂಡೆವು. ಅದನ್ನು ನೀರು ಹಾಕಿ ಒರೆಸಿದೆವು. ಆ ಬಗ್ಗೆ ಯಾರನ್ನೂ ಕರೆದು ಮಾತನಾಡಲಿಲ್ಲ. ಭಿತ್ತಿಪತ್ರ ಅಂಟಿಸಿದ ಮೇಲೆ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡದ್ದು ನಮ್ಮ ತಪ್ಪು. ‘ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ’ ಎಂಬ ಗಾದೆ ಅಜ್ಜನಿಗಷ್ಟೇ ಅಲ್ಲ, ನಮಗೂ ಅನ್ವಯಿಸುತ್ತಿತ್ತು.

ಮಕ್ಕಳು ನಗುವುದನ್ನು ಉದ್ಧಟತನವೆಂದು ಕರೆದು ಸುಮ್ಮನಾಗಬಾರದು. ದೂರದ ಅಮೆರಿಕದಲ್ಲೂ ಇದೇ ಆಯಿತು. ಅಲ್ಲಿ 1987ರಲ್ಲಿ ಕಾದ ಬಾಣಲೆಗೆ ಮೊಟ್ಟೆ ಒಡೆದು ಹಾಕಿ, ಮಾದಕ ವಸ್ತು ಸೇವಿಸಿದರೆ ನಿನ್ನ ಮೆದುಳು ಹೀಗಾಗುತ್ತದೆ ಎಂದು ತೋರಿಸುವ ಜಾಹೀರಾತು ಬಂತು. ಎಲ್ಲರಿಗೂ ಅದು ನೆನಪಿನಲ್ಲಿ ಉಳಿಯಿತು. ಎಲ್ಲರೂ ಅದನ್ನು ಅಣಕಿಸಿದರು. ಆಮೇಲೆ 1998ರಿಂದ 2004ರವರೆಗೆ ಅಲ್ಲಿನ ಸರ್ಕಾರ ಸುಮಾರು 100 ಕೋಟಿ ಡಾಲರ್ ಖರ್ಚು ಮಾಡಿ ಹರೆಯದವರಿಗಾಗಿ ಜಾಹೀರಾತು ನಡೆಸಿತು. ಅದರ ಫಲವನ್ನು ಅಳೆದು 2008ರಲ್ಲಿ ಪ್ರಕಟಿಸಿದಾಗ, ಗಾಂಜಾ ಸೇವನೆ ಅದರಿಂದ ಕಡಿಮೆಯಾದದ್ದು ಕಾಣಲಿಲ್ಲ. ಬದಲಿಗೆ, ಹೆಚ್ಚು ಜಾಹೀರಾತು ನೋಡಿದ ಕೆಲವು ಮಕ್ಕಳಲ್ಲಿ ‘ನಮ್ಮ ವಯಸ್ಸಿನವರೆಲ್ಲ ಇದನ್ನು ಮಾಡುತ್ತಾರೆ’ ಎಂಬ ಭಾವನೆ ಬೆಳೆದಿರುವ ಸೂಚನೆ ಸಿಕ್ಕಿತು. ನೂರು ಸಲ ‘ಬೇಡ’ ಎಂದಾಗ ಮಗುವಿಗೆ ಕೇಳಿಸುವುದು ‘ಎಲ್ಲರೂ ಮಾಡುತ್ತಿದ್ದಾರೆ’ ಎಂಬುದೂ ಆಗಬಹುದು. ಇನ್ನು ನಮ್ಮಲ್ಲಿ, ಅದೇ ಟಿವಿಯಲ್ಲಿ ಮುಂದಿನ ಕ್ಷಣವೇ ಹೆಸರಾಂತ ನಟ ಏಲಕ್ಕಿಯ ಹೆಸರಿನಲ್ಲಿ ಪಾನ್ ಮಸಾಲೆಯ ಹೆಸರನ್ನು ಹೊಗಳುತ್ತಾನೆ. ಮಗು ಯಾರನ್ನು ನಂಬಬೇಕು?

ಹಿರಿಯರ ತೊಡಕೇ ಬೇರೆ. 2009ರಲ್ಲಿ ಮೊದಲ ಬಾರಿಗೆ ಪೊಟ್ಟಣಗಳ ಮೇಲೆ ಚಿತ್ರ ಬಂದಾಗ ಜಗಿಯುವ ತಂಬಾಕಿನ ಚೀಟಿಗಳ ಮೇಲೆ ಚೇಳಿನ ಚಿತ್ರ ಹಾಕಿದ್ದರು. ಓದಲು ಬಾರದ ನಮ್ಮ ಅಜ್ಜ ಅದನ್ನು ಕಂಪನಿಯ ಗುರುತೆಂದೇ ತಿಳಿದಿದ್ದರಂತೆ. ಆಮೇಲೆ ಬಂದ ರೋಗಪೀಡಿತ ಬಾಯಿಯ ಚಿತ್ರ ಅವರಿಗೆ ಅರ್ಥವಾಯಿತು, ಹೆದರಿಕೆಯೂ ಆಯಿತು. ಆದರೆ ಹೆದರಿಕೆಯ ಜೊತೆಗೆ ದಾರಿ ತೋರುವವರು ಯಾರೂ ಇರಲಿಲ್ಲ. ದಾರಿ ಕಾಣದ ಹೆದರಿಕೆ ಮನುಷ್ಯನನ್ನು ಮತ್ತೆ ಅದೇ ಚೀಟಿಗೆ ಕೈ ಹಾಕಿಸುತ್ತದೆ.

ಕಳೆದ ವರ್ಷದ ಮೇ ರಜೆಯಲ್ಲಿ ಆ ಮನೆಗೆ ಹುಬ್ಬಳ್ಳಿಯಿಂದ ಮೊಮ್ಮಗಳು ಬಂದಳು. ನರ್ಸಿಂಗ್ ಓದುತ್ತಿರುವ ಹುಡುಗಿ. ಊಟಕ್ಕೆ ಕೂತಾಗ ಅಜ್ಜನ ಬಾಯಿ ರೊಟ್ಟಿಯ ದೊಡ್ಡ ತುತ್ತಿಗೆ ತೆರೆಯದಿರುವುದನ್ನು ಗಮನಿಸಿದಳು. “ಮೂರು ಬೆರಳು ಒಟ್ಟಿಗೆ ಬಾಯಾಗ ಇಟ್ಕೋ ನೋಡೂಣು ಅಜ್ಜಾ” ಎಂದಳು. ಎರಡು ಬೆರಳೂ ಕಷ್ಟದಿಂದ ಹೋದವು. ಬಾಯಿಯ ಒಳಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆ ಅದು. ಅದಕ್ಕೆ ಮುಖ್ಯ ಕಾರಣ ಅಡಿಕೆಯೇ. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಹೇಳಿದೆ.

ಆ ಹುಡುಗಿ ಉಪದೇಶ ಮಾಡಲಿಲ್ಲ. ಕಟ್ಟೆಯ ಮೇಲೆ ಅಜ್ಜನ ಪಕ್ಕ ಕೂತು, “ಮೊದಲನೇ ಸಲ ಯಾವಾಗ ಹಾಕ್ಕೊಂಡಿ?” ಎಂದು ಕೇಳಿದಳು. ಹದಿನೈದನೆಯ ವಯಸ್ಸಿನಲ್ಲಿ ಇಟ್ಟಿಗೆ ಹೊರುವಾಗ ಮಧ್ಯಾಹ್ನದ ಹಸಿವು ತಿಳಿಯದಿರಲೆಂದು ಜೊತೆಗಾರನೊಬ್ಬ ಕೊಟ್ಟದ್ದನ್ನು ಅಜ್ಜ ಹೇಳಿದರು. ಐವತ್ತು ವರ್ಷಗಳಲ್ಲಿ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಆಮೇಲೆ ಅವಳು ಅಜ್ಜನ ಜೇಬಿನಿಂದ ಚೀಟಿ ತೆಗೆದು ಅದರ ಮೇಲೆ ಅಚ್ಚಾಗಿದ್ದ ಸಂಖ್ಯೆಯನ್ನು ಓದಿ ಹೇಳಿದಳು: 1800-11-2356. ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ದೂರವಾಣಿ ಅದು. 2018ರ ಸೆಪ್ಟೆಂಬರ್‌ನಿಂದ ಪ್ರತಿ ಪೊಟ್ಟಣದ ಮೇಲೂ ಅಚ್ಚಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ.

ಪ್ರಿಯರೇ, ಇದನ್ನು ಸ್ವಲ್ಪ ಧ್ಯಾನಿಸೋಣ. ವರ್ಷಗಟ್ಟಲೆ ಆ ಸಂದೇಶ ಅಜ್ಜನ ಜೇಬಿನಲ್ಲೇ, ಎದೆಯ ಹತ್ತಿರವೇ ಇತ್ತು. ಅದನ್ನು ಓದಿ ಹೇಳುವವರು ಮನೆಗೆ ಬಂದಿರಲಿಲ್ಲ.

ಅಜ್ಜ ಒಂದೇ ದಿನದಲ್ಲಿ ಬಿಡಲಿಲ್ಲ. ಸವಣೂರಿನ ಮದುವೆಯೊಂದರಲ್ಲಿ ಎಲೆ ಅಡಿಕೆಯ ತಟ್ಟೆ ಮುಂದೆ ಬಂದಾಗ ಜಾರಿದರು. ಸುಗ್ಗಿಯ ಹೊತ್ತಿಗೆ ಇನ್ನೊಮ್ಮೆ ಜಾರಿದರು. ಪ್ರತಿ ಸಲವೂ ಮೊಮ್ಮಗಳಿಗೆ ಫೋನು ಮಾಡಿ ತಾವೇ ಹೇಳಿದರು. ಅವಳು ಬೈಯಲಿಲ್ಲ, ಮತ್ತೆ ಎಣಿಕೆ ಶುರು ಮಾಡಿಸಿದಳು. ಈ ವರ್ಷದ ತಪಸ್ಸುಕಾಲದ ಬೂದಿ ಬುಧವಾರದಿಂದ ಇಂದಿನವರೆಗೆ ಅವರು ಬಾಯಿಗೆ ಹಾಕಿಲ್ಲ. ಬಿಗಿದ ಬಾಯಿ ಮೊದಲಿನಂತಾಗುವುದು ಕಷ್ಟವೆಂದು ವೈದ್ಯರು ಹೇಳಿದ್ದಾರೆ, ತಪಾಸಣೆ ಮುಂದುವರಿದಿದೆ. ಆದರೆ ಒಂದು ದಿನ ಆ ಮೊಮ್ಮಗ ಅಜ್ಜನ ಬಳಿ ಕೂತು, “ನಾನೂ ಎರಡು ಸಲ ಹಾಕ್ಕೊಂಡೀನಿ ಅಜ್ಜಾ, ಚೀಟಿ ತರೂವಾಗ” ಎಂದು ತಾನಾಗಿಯೇ ಹೇಳಿದ. ಯಾವ ಜಾಹೀರಾತಿಗೂ ಹೇಳದ ಮಾತನ್ನು ಚಟ ಬಿಡಲು ಹೆಣಗುತ್ತಿರುವ ಅಜ್ಜನಿಗೆ ಹೇಳಿದ.

ಈಗ ಮತ್ತೆ ಶುಭಸಂದೇಶಕ್ಕೆ ಬರೋಣ. ಎಲಿಜಬೇತಮ್ಮನವರ ಪತಿ ಜಕರೀಯನಿಗೆ ಮಹಾದೇವಾಲಯದಲ್ಲಿ ದೇವದೂತನೇ ಪ್ರತ್ಯಕ್ಷನಾಗಿ ಸಂದೇಶ ಕೊಟ್ಟಿದ್ದ. ಅದಕ್ಕಿಂತ ದೊಡ್ಡ ಪ್ರಕಟಣೆ ಬೇಕೇ? ಆದರೂ ಆ ಹಿರಿಯರು ಸಂಶಯಪಟ್ಟರು. ಅದೇ ಮನೆಯ ಹೊಸ್ತಿಲಿಗೆ ನಡೆದು ಬಂದ ಹರೆಯದ ಹೆಣ್ಣುಮಗಳ ಒಂದು ನಮಸ್ಕಾರಕ್ಕೆ ಇಡೀ ಮನೆ ಪವಿತ್ರಾತ್ಮರಿಂದ ತುಂಬಿತು. ಇದರಿಂದ ನಾವು ಮೂರು ಮಾತುಗಳನ್ನು ಕಲಿಯೋಣ.

ಮೊದಲನೆಯದು: ಮರಿಯಮ್ಮನವರು ಹೇಳಿ ಕಳುಹಿಸಲಿಲ್ಲ, ತಾವೇ ಹೊರಟರು. ನಮ್ಮ ಮನೆಯಲ್ಲಿ ಕುಡಿತ, ತಂಬಾಕು, ಗಾಂಜಾ ಯಾವುದೇ ಚಟಕ್ಕೆ ಸಿಕ್ಕಿಕೊಂಡವರಿದ್ದರೆ ಅವರಿಗೆ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳುಹಿಸಿ ಸುಮ್ಮನಾಗಬೇಡಿ. ಹೋಗಿ ಪಕ್ಕದಲ್ಲಿ ಕೂರಿರಿ. ಮೊದಲು ಅವರ ಕಥೆಯನ್ನು ಕೇಳಿರಿ. ಚಟ ಒಂದು ಕಾಯಿಲೆ. ಕಾಯಿಲೆ ದೇವರು ಕೊಟ್ಟ ಶಿಕ್ಷೆಯಲ್ಲ, ಕಾಯಿಲೆಯವರನ್ನು ಶಿಕ್ಷಿಸುವ ಅಧಿಕಾರವೂ ನಮಗಿಲ್ಲ.

ಎರಡನೆಯದು: ಮರಿಯಮ್ಮನವರು ಸುಮಾರು ಮೂರು ತಿಂಗಳು ಆ ಮನೆಯಲ್ಲಿ ಉಳಿದರು. ಜಾಹೀರಾತಿನ ಆಯಸ್ಸು ಅರ್ಧ ನಿಮಿಷ. ಚಟ ಬಿಡುವವನಿಗೆ ಬೇಕಾಗುವುದು ತಿಂಗಳುಗಳ ಜೊತೆ. ಅವನು ಜಾರಿದ ದಿನವೂ ಜೊತೆಗಿರುವವರು ಬೇಕು. ಅಗತ್ಯವಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವಿಲ್ಲ. ಮಾದಕ ವ್ಯಸನದ ಬಗ್ಗೆ ಸಲಹೆ ಪಡೆಯಲು 14446 ಎಂಬ ಸಹಾಯವಾಣಿಯೂ ಇದೆ.

ಮೂರನೆಯದು: ಆ ಮನೆಯಲ್ಲಿ ಹಿರಿಯಳು ಕಿರಿಯಳ ಮಾತಿಗೆ ಕಿವಿಗೊಟ್ಟಳು, ಕಿರಿಯಳು ಹಿರಿಯಳ ಸೇವೆ ಮಾಡಿದಳು. ಹಿರಿಯರೇ, ನಿಮ್ಮ ಮಕ್ಕಳ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಜಾಹೀರಾತು ನೀವೇ. ಅಂಗಡಿಯ ಚೀಟಿಗಿಂತ ಮೊದಲು ಅವರು ನೋಡುವುದು ನಿಮ್ಮ ಬಾಯಿಯನ್ನು, ನಿಮ್ಮ ಜೇಬನ್ನು. ಇಂದಿನಿಂದ ಮಗುವನ್ನು ತಂಬಾಕು ತರಲು, ಬೀಡಿ ತರಲು ಕಳುಹಿಸಬೇಡಿ. ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವುದೇ ಅಪರಾಧ. ಅದು ಸರ್ಕಾರದ ಕಾನೂನು. ಅದಕ್ಕಿಂತ ಮೊದಲು ಅದು ಮನೆಯ ಕಾನೂನಾಗಲಿ. ಮಕ್ಕಳೇ, ನೀವು ನಗುವುದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ನಕ್ಕ ಮೇಲೆ ಅಜ್ಜನ ಜೇಬಿನಲ್ಲಿರುವ ಚೀಟಿಯನ್ನು ತೆಗೆದು ಅದರ ಮೇಲಿನ ಸಂಖ್ಯೆಯನ್ನು ಓದಿ ಹೇಳಿರಿ. ನಾವೂ ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ನಮ್ಮ ಸಭಾಭವನದ ಸಮಾರಂಭಗಳಲ್ಲಿ ಅತಿಥಿಗಳಿಗೆ ಎಲೆ ಅಡಿಕೆಯ ತಟ್ಟೆಯ ಬದಲು ಹಣ್ಣು, ಕಲ್ಲುಸಕ್ಕರೆ ಕೊಡುತ್ತೇವೆ. ಮರ್ಯಾದೆ ಕಡಿಮೆಯಾಗುವುದಿಲ್ಲ. ಗೋಡೆಯ ಭಿತ್ತಿಪತ್ರ ಅಲ್ಲೇ ಇರುತ್ತದೆ. ಈ ಬಾರಿ ಅದರ ಕೆಳಗೆ ಕೂತು ಮಾತನಾಡಲು ಪ್ರತಿ ಭಾನುವಾರ ಬಲಿಪೂಜೆಯ ನಂತರ ನಾವೂ ಅಲ್ಲಿ ಇರುತ್ತೇವೆ.

ಪ್ರಾರ್ಥಿಸೋಣ. ಅವಸರದಿಂದ ಬೆಟ್ಟ ಹತ್ತಿ ಹೋದ ಮಾತೆಯೇ, ಚಟದಿಂದ ಬಳಲುತ್ತಿರುವ ನಮ್ಮ ಮನೆಗಳ ಹೊಸ್ತಿಲಿಗೂ ಬನ್ನಿ. ಕಿರಿಯರಿಗೆ ಹೊರಡುವ ಕಾಲುಗಳನ್ನು, ಹಿರಿಯರಿಗೆ ಕೇಳುವ ಕಿವಿಗಳನ್ನು ನಿಮ್ಮ ಪುತ್ರರಿಂದ ದೊರಕಿಸಿಕೊಡಿ. ಜಾರಿದವರು ಮತ್ತೆ ಎದ್ದು ಎಣಿಕೆ ಶುರುಮಾಡುವಾಗ ಅವರ ಜೊತೆಗಿರಿ. ಪ್ರಭು ಕ್ರಿಸ್ತರ ಮುಖಾಂತರ ಬೇಡಿಕೊಳ್ಳುತ್ತೇವೆ.

ಆಮೆನ್.